ಅಧಿಕ ಮಾಸದಲ್ಲಿ ಮಾರದ ಮನೆ

ಮೊನ್ನೆ ಶುಕ್ರವಾರ ಮಗನನ್ನು ಕರೆತರಲು ಹೊಸೂರಿನ ಮೂಕಂಡಪಲ್ಲಿಯ ನಮ್ಮ ಹಳೆಯ ಬೀದಿಗೆ ಹೋಗಿದ್ದೆ. ಮಾರಿಯಮ್ಮನ ಗುಡಿಯ ಮುಂದೆ ಕಲ್ಲು ಹೂಡಿ, ದೊಡ್ಡ ಹಂಡೆಯಲ್ಲಿ ತಮಿಳರ ಆಡಿ ತಿಂಗಳ ಕೂಳು, ಅಂದರೆ ಅಂಬಲಿ, ಕಾಯಿಸುತ್ತಿದ್ದರು. ಹುಳಿ ಬಂದ ರಾಗಿ ಹಿಟ್ಟು ಬೇಯುವ ವಾಸನೆ, ಅದರ ಜೊತೆಗೆ ಹಸಿ ಬೇವಿನ ಸೊಪ್ಪಿನ ವಾಸನೆ. ಸಾಲಿನಲ್ಲಿ ನಿಲ್ಲದಿದ್ದರೂ ಯಾರೋ ಗುರುತು ಹಿಡಿದು ನನ್ನ ಕೈಗೊಂದು ಲೋಟ ಇಟ್ಟರು. ನನ್ನ ಕೈ ನಡುಗುವುದನ್ನು ಕಂಡು ಅರ್ಧ ಲೋಟ ಮಾತ್ರ ಹುಯ್ದರು. ಬೇರೆಯವರಿಗೆ ಅದು ಅಮ್ಮನ ಪ್ರಸಾದ. ನನಗೆ ಒಂದು ಗುಟುಕೂ ಇಳಿಯಲಿಲ್ಲ. ನಾನು ಮನೆ ಮಾರಲು ಕೂತ ಆ ವರ್ಷ, ದಿನ ಬೆಳಗಾದರೆ ಕಿಟಕಿಯಿಂದ ಒಳಗೆ ಬರುತ್ತಿದ್ದುದು ಇದೇ ವಾಸನೆ.

ಆ ವರ್ಷ ಪಂಚಾಂಗವೇ ನನ್ನ ಮೇಲೆ ಹಗೆ ಸಾಧಿಸಿದಂತಿತ್ತು. ಆಷಾಢ ಮುಗಿದ ಮೇಲೆ ಶ್ರಾವಣ ಬರಬೇಕಲ್ಲ, ಬಂದದ್ದು ಅಧಿಕ ಶ್ರಾವಣ. ಅಧಿಕ ಮಾಸದಲ್ಲಿ ಕನ್ನಡದವರು, ತೆಲುಗಿನವರು ಮನೆ ಕೊಳ್ಳುವುದಿಲ್ಲ. ಅದು ಕಾಲಿಟ್ಟ ಹೊತ್ತಿಗೇ ತಮಿಳರ ಆಡಿಯೂ ಕಾಲಿಟ್ಟಿತು. ಅವರೂ ಕೊಳ್ಳುವುದಿಲ್ಲ. ಹೊಸೂರಿನಲ್ಲಿ ಮೂರು ಭಾಷೆಯವರು ಅಣ್ಣತಮ್ಮಂದಿರ ಹಾಗೆ ಇದ್ದೇವೆ ಎಂದು ನಾನು ಮಕ್ಕಳಿಗೆ ಪಾಠ ಹೇಳಿದವಳು. ಆ ಎರಡು ತಿಂಗಳು ಮೂರು ಭಾಷೆಯಲ್ಲೂ "ಈಗ ಬೇಡ" ಎನ್ನುವ ಒಂದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಯಿತು.

ನಾನು ಇಲ್ಲಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ನನ್ನ ಗಂಡ ಗಡಿಯಾರದ ಕಾರ್ಖಾನೆಯಲ್ಲಿ ಫಿಟ್ಟರ್. ಅವರು ಹೋಗಿ ಹತ್ತು ವರ್ಷದ ಮೇಲಾಯಿತು. ಇರುವವನು ಒಬ್ಬನೇ ಮಗ, ಶಿವು. ಆಗ ಅವನಿಗೆ ಮೂವತ್ತೊಂದು. ಆಳು ಎತ್ತರವಾಗಿದ್ದಾನೆ, ಗಡ್ಡ ಬರುತ್ತದೆ, ವಾರಕ್ಕೆ ಎರಡು ಸಲ ನಾನೇ ಬೋಳಿಸುತ್ತೇನೆ. ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಹುಟ್ಟುವಾಗಲೇ ಹಾಗೆ.

ಮನೆಯಲ್ಲಿ ಅವನಿಗೊಂದು ಕೆಲಸವಿತ್ತು, ಮೋಟರ್ ಹಾಕುವುದು. ಬೆಳಿಗ್ಗೆ ತೊಟ್ಟಿಗೆ ನೀರು ಬಿದ್ದ ಸದ್ದಾದರೆ ಸಾಕು, ಹಲ್ಲುಜ್ಜುತ್ತಿದ್ದರೆ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಸ್ವಿಚ್ ಒತ್ತುತ್ತಿದ್ದ. ಆಮೇಲೆ ಅಂಗಳದಲ್ಲಿ ನಿಂತು ಕತ್ತೆತ್ತಿ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕನ್ನೇ ನೋಡುವುದು. ಅದು ತುಂಬಿ ಪೈಪಿನಿಂದ ನೀರು ಧೊಪ್ಪೆಂದು ಚೆಲ್ಲಿದ ತಕ್ಷಣ "ತುಂಬ್ತೂ..." ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿ ಆರಿಸುತ್ತಿದ್ದ. ಮೊದಲ ಶಿಫ್ಟಿಗೆ ಹೊರಟ ಹುಡುಗರು ಗಾಡಿ ನಿಧಾನ ಮಾಡಿ "ತುಂಬ್ತಾ ಶಿವಣ್ಣ?" ಎಂದು ಕೇಳಿ ಹೋಗುತ್ತಿದ್ದರು. ದಿನಕ್ಕೊಂದು ಸಲ ಅವನು ಅಧಿಕಾರಿ.

ನನ್ನ ಕೈ ನಡುಕ ಶುರುವಾದಾಗ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು, ಇದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು. ಆವತ್ತಿನಿಂದ ನನಗಿದ್ದ ಯೋಚನೆ ಒಂದೇ. ನಾನು ಹೋದ ಮೇಲೆ ಇವನ ಗಡ್ಡ ಯಾರು ಬೋಳಿಸುತ್ತಾರೆ?

ಕೃಷ್ಣಗಿರಿಯ ಹೊರಗೆ ಇಂಥ ಮಕ್ಕಳ ತಂದೆತಾಯಂದಿರೇ ಸೇರಿ ಕಟ್ಟಿದ ಒಂದು ಮನೆಯಿದೆ. ಒಳಗೆ ಸೇರಿಸಿಕೊಂಡರೆ ಬದುಕಿರುವ ತನಕ ನೋಡಿಕೊಳ್ಳುತ್ತಾರೆ. ಇರುವುದು ಹದಿನಾಲ್ಕೇ ಹಾಸಿಗೆ. ಅಲ್ಲಿ ನಾನು ಹೆಸರು ಬರೆಸಿ ನಾಲ್ಕು ವರ್ಷವಾಗಿತ್ತು. ಆಷಾಢದ ಮೊದಲ ವಾರ ಸೆಲ್ವಿ ಅಕ್ಕ ಫೋನ್ ಮಾಡಿದರು. ಆ ಮನೆಯನ್ನು ನಡೆಸುವವರು ಅವರೇ, ಅವರ ಮಗಳೂ ಅಲ್ಲೇ ಇದ್ದಾಳೆ.

"ಟೀಚರ್, ಒಂದು ಜಾಗ ಇದೆ. ಮುರುಗನ್ ಹೋಗಿಬಿಟ್ಟ, ಪಾವಂ. ಶಿವೂನ ಕರ್ಕೊಂಡು ಬನ್ನಿ."

ಮುರುಗನ್ ಯಾರೋ ನನಗೆ ಗೊತ್ತಿಲ್ಲ. ಯಾರದೋ ಮಗು. ಅವನು ಸತ್ತನೆಂಬ ಸುದ್ದಿ ಕೇಳಿ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಚ್ಚಿದ್ದು ನಿಜ.

ಮಾರನೆಯ ದಿನವೇ ಇಬ್ಬರೂ ಬಸ್ಸಿನಲ್ಲಿ ಹೋದೆವು. ಹೊಸ ಜಾಗವೆಂದರೆ ಶಿವು ನನ್ನ ಸೆರಗು ಬಿಡುವವನಲ್ಲ. ಅಲ್ಲಿ ಅಂಗಳದ ಮೂಲೆಯಲ್ಲಿ ಒಂದು ಮೋಟರ್ ಇತ್ತು. ಅದನ್ನು ಕಂಡದ್ದೇ ಸೆರಗು ಬಿಟ್ಟ. ಸೆಲ್ವಿ ಅಕ್ಕ ನಗುತ್ತಾ "ಹಾಕಪ್ಪಾ, ನೀನೇ ಹಾಕು" ಅಂದರು. ಟ್ಯಾಂಕು ತುಂಬಿತು, ಇವನು ಕೂಗಿದ, ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಮೂವತ್ತು ವರ್ಷದಲ್ಲಿ ಮೊದಲ ಸಲ, ನಾನು ಕಣ್ಣು ಮುಚ್ಚಿದರೂ ಪರವಾಗಿಲ್ಲ ಅನ್ನಿಸಿತು.

ಅಲ್ಲಿ ಒಂದೇ ಸಲಕ್ಕೆ ಠೇವಣಿ ಇಡಬೇಕು. ಮನೆ ಮಾರದೆ ನನ್ನಿಂದಾಗುವ ಮಾತಲ್ಲ. "ಆಗಸ್ಟ್ ಹದಿನೈದು ತನಕ ಇಟ್ಟಿರ್ತೀನಿ ಟೀಚರ್," ಅಂದರು ಸೆಲ್ವಿ ಅಕ್ಕ. "ಅದರ ಮೇಲೆ ನನ್ನ ಕೈಲಿ ಇಲ್ಲ. ಲಿಸ್ಟಲ್ಲಿ ನಿಮ್ಮ ಹಿಂದೆ ಇನ್ನೂ ಜನ ಇದಾರೆ." ಎರಡು ತಿಂಗಳಿಗೆ ಹತ್ತಿರದ ಸಮಯ. ಮುಖ್ಯ ರಸ್ತೆಗೆ ನೂರು ಹೆಜ್ಜೆಯ ಮನೆ, ಪಟ್ಟಾ ನನ್ನ ಹೆಸರಿನಲ್ಲೇ ಇದೆ. ಎರಡು ವಾರದಲ್ಲಿ ಮಾರಿಬಿಡುತ್ತೇನೆ ಅಂದುಕೊಂಡೆ.

ನಮ್ಮ ಬೀದಿಯ ಬ್ರೋಕರ್ ಮುನಿರತ್ನಂ ಟೀ ಅಂಗಡಿಯ ಬೆಂಚಿನ ಮೇಲೇ ಆಫೀಸು ಇಟ್ಟವನು. ತಾಯಿ ತೆಲುಗು, ಹೆಂಡತಿ ತಮಿಳು, ಜಗಳವಾಡುವುದು ಕನ್ನಡದಲ್ಲಿ. ನಾನು ವಿಷಯ ಹೇಳಿದಾಗ ತಲೆಯ ಮೇಲೆ ಕೈ ಹೊತ್ತ.

"ಟೀಚರಮ್ಮ, ಎಂತಾ ಟೈಮಲ್ಲಿ ಬಂದ್ರಿ! ಇವಾಗ ಆಷಾಡ. ಅದ್ರ ಹಿಂದೇನೆ ಅಧಿಕ. ಅದ್ರ ಜತೇಗೆ ಆಡಿ. ಈ ಎಲ್ಡು ತಿಂಗ್ಳು ನಾನೇ ಹೆಂಡ್ತಿ ಕೈಯಾಗೆ ಟೀಗೆ ಕಾಸು ಇಸ್ಕಂಡು ಬತ್ತೀನಿ. ಮನೆ ಯಾವನು ನೋಡ್ತಾನೆ? ನಿಜ ಶ್ರಾವಣ ಬರ್ಲಿ, ಜನ ತಾವಾಗೇ ಬತ್ತಾರೆ."

"ಚಂದ್ರನ ಮೇಲೆ ಮಿಷನ್ ಇಳಿಸೋಕೆ ಹೊರಟಿದಾರೆ ಕಣಯ್ಯ, ನಿಮ್ಮದು ಇನ್ನೂ ಆಷಾಢ!" ಎಂದು ರೇಗಿದೆ.

"ಚಂದ್ರನ ಮ್ಯಾಲೆ ಬೇಕಾದ್ರೆ ಇಳೀತಾರೆ. ಆಡೀಲಿ ಗೃಹಪ್ರವೇಶ ಮಾಡಲ್ಲ," ಅಂದ ಮುನಿರತ್ನಂ, ಟೀ ಹೀರುತ್ತಾ.

ಆ ಬಾರಿ ಗಾಳಿಯೋ ಗಾಳಿ. ಮಳೆ ಸರಿಯಾಗಿ ಬೀಳಲಿಲ್ಲ, ಮೋಡ ಮಾತ್ರ ಬಿಡಲಿಲ್ಲ. ಒಂದಿಷ್ಟು ಜಿಟಿಜಿಟಿ, ಮತ್ತೆ ದೂಳು. ಗೇಟಿಗೆ ಕಟ್ಟಿದ "ಮನೆ ಮಾರಾಟಕ್ಕಿದೆ" ಎಂಬ ರಟ್ಟು ಮೂರು ಸಲ ಹಾರಿಹೋಯಿತು. ಕನ್ನಡ ನಾನು ಬರೆದಿದ್ದೆ, ತಮಿಳು ಮುನಿರತ್ನಂ ಬರೆಸಿದ್ದ. ಮೂರು ಸಲವೂ ಶಿವು ಓಡಿ ಹಿಡಿದು ತಂದು ಕೊಟ್ಟ. ಅವನಿಗೆ ಅದೊಂದು ಆಟ.

ಆಗೊಬ್ಬರು ಈಗೊಬ್ಬರು ಬಂದರು. ಕೊಳ್ಳುವವರಲ್ಲ, ಆಡಿಯಲ್ಲಿ ಬಟ್ಟೆ ಅಂಗಡಿಯವರು ರಿಯಾಯಿತಿ ಕೊಡುವ ಹಾಗೆ ನಾನೂ ಕೊಡಬಹುದೆಂದು ಬೆಲೆ ಇಳಿಸಲು ಬಂದವರು. ಬಂದವರನ್ನೆಲ್ಲ ಶಿವು ಕೈ ಹಿಡಿದು ಸ್ವಿಚ್ಚಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ನಮ್ಮ ಮನೆಯಲ್ಲಿ ನೋಡಬೇಕಾದ್ದು ಅದೊಂದೇ ಎಂಬುದು ಅವನ ಅಭಿಪ್ರಾಯ. ಅವರು ಅವನನ್ನು ನೋಡುವರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು, ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುವರು.

ಮುನಿರತ್ನಂ ಒಂದು ದಿನ ತಲೆ ತಗ್ಗಿಸಿ ಹೇಳಿದ. "ಬ್ಯಾಸ್ರ ಮಾಡ್ಕಬೇಡಿ ಟೀಚರಮ್ಮ. ಶಿವೂನ ನೋಡಿದ್ ಮ್ಯಾಲೆ ಎಲ್ರೂ ವಾಸ್ತು ಕೇಳ್ತಾರೆ. ನಾಳೆ ಬಾಗಲೂರು ಕಡೆಯೋರು ಬತ್ತಾರೆ. ಅಷ್ಟೊತ್ತು ಅವನ್ನ ಒಳಗಿನ ರೂಮ್ನಾಗೆ ಕೂಡಾಕಿ."

ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬಯ್ದೆ. ಮಾರನೆಯ ದಿನ ಅವನು ಹೇಳಿದ ಹಾಗೇ ಮಾಡಿದೆ.

ಒಂದು ತಟ್ಟೆ ಮಂಡಕ್ಕಿ ಕೊಟ್ಟು ಶಿವೂನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿದೆ. ಬಾಗಲೂರಿನ ಗಂಡ ಹೆಂಡತಿ ಅಡುಗೆಮನೆ ನೋಡುತ್ತಿದ್ದರು. ಎಂದೂ ಆ ಹೊತ್ತಿಗೆ ಬಾರದ ನೀರು ಅವತ್ತು ಬಂತು. ತೊಟ್ಟಿಗೆ ಬೀಳುವ ಸದ್ದು ಕೇಳಿದ್ದೇ ಒಳಗಿನಿಂದ ಬಾಗಿಲು ದಬದಬ ಬಡಿಯತೊಡಗಿದ. "ಅಮ್ಮಾ, ನೀರ್ ಬಂತು! ಮೋಟ್ರು! ಮೋಟ್ರು ಅಮ್ಮಾ!"

"ಯಾರದು ಒಳಗೆ?" ಎಂದು ಆ ಹೆಂಗಸು ಬೆದರಿ ಕೇಳಿದಳು.

"ಅದು ಪಕ್ಕದ ಮನೆ ಕಣಮ್ಮ," ಅಂದ ಮುನಿರತ್ನಂ.

ನಾನು ಅಲ್ಲ ಅನ್ನಲಿಲ್ಲ. ಹೆತ್ತ ಮಗ ಹತ್ತು ಅಡಿ ದೂರದಲ್ಲಿ ಅಮ್ಮಾ ಎಂದು ಕೂಗುತ್ತಿದ್ದ, ನಾನು ಬಂದವರಿಗೆ ಸಾಮಾನು ಇಡುವ ಕಪಾಟು ತೋರಿಸಿದೆ. ಅವರೂ ಆಡಿ ಕಳೆಯಲಿ ಎಂದು ಹೇಳಿ ಹೋದರು. ಚಿಲಕ ತೆಗೆದಾಗ ಅವನು ನನ್ನನ್ನು ಬಯ್ಯಲಿಲ್ಲ, ಅಳಲಿಲ್ಲ. ಸ್ವಿಚ್ಚಿನ ಕಡೆಗೆ ಓಡಿದ. ನೀರು ಅಷ್ಟರಲ್ಲಿ ನಿಂತುಹೋಗಿತ್ತು.

ಹೀಗೆ ಆಷಾಢ ಹೋಯಿತು, ಅಧಿಕ ಅರ್ಧ ಹೋಯಿತು. ಆಗಸ್ಟ್ ಮೊದಲ ವಾರ ಒಂದು ಸಂಜೆ ತುಂತುರಿನಲ್ಲಿ ಆರೋಗ್ಯಸ್ವಾಮಿ ಎನ್ನುವವರು ಹೆಂಡತಿಯ ಜೊತೆ ಬಂದರು. ಅವರು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಆಕೆ ಸ್ಟೆಲ್ಲಾ, ನರ್ಸು. ನಾನು ಶಿವೂನನ್ನು ಅವತ್ತು ಕೂಡಿಹಾಕಿರಲಿಲ್ಲ. ಅವನು ಎಂದಿನಂತೆ ಸ್ಟೆಲ್ಲಾಳ ಕೈ ಹಿಡಿದು ಎಳೆದುಕೊಂಡು ಹೋದ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ.

"ಓ, ಈ ಮನೆ ಮೋಟರ್ ಆಫೀಸರ್ ನೀವೇನಾ ಸಾರ್?" ಎಂದು ಕೇಳಿದರು. ಶಿವು ನಾಚಿಕೊಂಡು ಗೋಡೆಗೆ ಮುಖ ಮಾಡಿ ನಕ್ಕ.

ಆರೋಗ್ಯಸ್ವಾಮಿ ಮಾಳಿಗೆ ಹತ್ತಿ ಇಳಿದರು, ಪತ್ರಗಳನ್ನು ಓದಿದರು, ಬೆಲೆಯಲ್ಲಿ ಹೆಚ್ಚು ಎಳೆದಾಡಲಿಲ್ಲ. ಅಂಗಿಯ ಒಳಜೇಬಿನಿಂದ ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟರು.

"ನಮಗೆ ಆಡಿ ಗೀಡಿ ಏನೂ ಇಲ್ಲ ಟೀಚರ್. ಇವತ್ತು ಟೋಕನ್ ಇಟ್ಕೊಳ್ಳಿ, ಸೋಮವಾರ ಅಗ್ರಿಮೆಂಟ್ ಹಾಕಿ ದೊಡ್ಡ ಅಡ್ವಾನ್ಸ್ ಕೊಡ್ತೀನಿ. ಕಂಪನಿ ಲೋನಿಗೆ ಈ ವಾರ ಪೇಪರ್ ಕೊಡಬೇಕು."

ಆ ಅಡ್ವಾನ್ಸು ಠೇವಣಿಗೆ ಸಾಕಿತ್ತು. ಹದಿನೈದಕ್ಕೆ ಇನ್ನೂ ಹತ್ತು ದಿನವಿತ್ತು. ಎರಡು ತಿಂಗಳಿಂದ ನಾನು ಬೇಡಿಕೊಂಡದ್ದು ಕೈಗೆಟುಕುವಷ್ಟು ಹತ್ತಿರ, ಮೇಜಿನ ಮೇಲೆ ಕೂತಿತ್ತು. ನಾನು ಕೈ ಚಾಚಲಿಲ್ಲ.

ಇದನ್ನು ಯಾರಿಗೂ ಬಿಡಿಸಿ ಹೇಳಿದವಳಲ್ಲ. ಆ ಮನೆಗೆ ನಾವು ಹಾಲುಕ್ಕಿಸಿ ಬಂದದ್ದು ಆಷಾಢದಲ್ಲಿ. ಬಾಡಿಗೆ ಮನೆಯವರು ಬಿಡು ಅಂದಿದ್ದರು, ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕಿದ್ದು ಆಗಲೇ. "ತಿಂಗಳಲ್ಲೇನಿದೆ ಮಾರಾಯ್ತಿ, ಹಾಲು ಎಲ್ಲ ತಿಂಗಳಲ್ಲೂ ಉಕ್ಕುತ್ತೆ," ಅಂದಿದ್ದರು ಅವರು. ನಾನೂ ನಕ್ಕಿದ್ದೆ. ಮಾರನೆಯ ವರ್ಷ ಶಿವು ಹುಟ್ಟಿದ. ಅತ್ತೆ ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತು ಅಂದಿದ್ದರು, "ಆಷಾಡದಾಗೆ ಒಲೆ ಹೂಡುದ್ರಲ್ಲ, ಅದುಕ್ಕೇ ಮಗ ಹಿಂಗಾಯ್ತು." ಮೂವತ್ತು ವರ್ಷ ನಾನು ಆ ಮಾತಿನ ಜೊತೆ ಜಗಳವಾಡಿದೆ. ಅತ್ತೆ ಸತ್ತ ಮೇಲೂ ಆಡಿದೆ. ಹೆರಿಗೆ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟಿದ್ದರಿಂದ ಹೀಗಾಯಿತೆಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ನಾನು ಅದನ್ನೇ ಕಂಡಕಂಡವರಿಗೆ ವಿವರಿಸಿ ಹೇಳಿದೆ. ಗೆದ್ದೆ ಅಂದುಕೊಂಡಿದ್ದೆ.

ಅವತ್ತು ಆ ಕವರ್ ನೋಡುವಾಗ ನನಗೆ ಕೇಳಿಸಿದ್ದು ಅತ್ತೆಯ ದನಿ. ಒಂದು ಸಲ ತಿಂಗಳು ನೋಡದೆ ಬಂದು ಇವನನ್ನು ಹೀಗೆ ಮಾಡಿದೆ. ಈಗ ತಿಂಗಳು ನೋಡದೆ ಇದೇ ಮನೆಯಿಂದ ಇವನನ್ನು ಹೊರಗೆ ಕಳಿಸಿ, ಅಲ್ಲಿ ಇವನಿಗೆ ಏನಾದರೂ ಆದರೆ? ನೋಡಲು ನಾನೂ ಇರುವುದಿಲ್ಲ.

"ಹನ್ನೆರಡು ದಿನ ತಡೀರಿ," ಅಂದೆ. "ನಿಜ ಶ್ರಾವಣ ಶುರುವಾದ ದಿನ ಬೆಳಿಗ್ಗೆ ಬನ್ನಿ. ಮನೆ ನಿಮಗೇ."

ಆರೋಗ್ಯಸ್ವಾಮಿ ಹೆಂಡತಿಯ ಮುಖ ನೋಡಿದರು. ಕವರನ್ನು ಮತ್ತೆ ಜೇಬಿಗಿಟ್ಟುಕೊಂಡು, "ಸರಿ ಟೀಚರ್, ನಿಮ್ಮ ನಂಬಿಕೆ," ಅಂದರು. ಸ್ಟೆಲ್ಲಾ ಹೊರಡುವಾಗ ಶಿವುವಿಗೆ ಕೈ ಬೀಸಿದರು.

ಅವರು ತಿರುವು ದಾಟಿದ ಮೇಲೆ, ಅವರನ್ನು ಕರೆತಂದಿದ್ದ ಮುನಿರತ್ನಂ ಗೇಟಿಗೆ ಒರಗಿ ನಿಂತ. "ಎಲ್ಡು ತಿಂಗ್ಳಿಂದ ನಮ್ನೆಲ್ಲಾ ಮೂಢರು ಅಂತ ಬಯ್ದೋರು ನೀವೇ ಅಲ್ವಾ ಟೀಚರಮ್ಮ? ಒಬ್ಬ ಆಡಿ ಇಲ್ದಿರೋನ್ನ ಊರೆಲ್ಲಾ ಹುಡ್ಕಿ ತಂದೆ. ಕಳಿಸ್ಬುಟ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಅಂದುಬಿಡುತ್ತಿದ್ದೆ.

ಐದನೆಯ ದಿನ ಆರೋಗ್ಯಸ್ವಾಮಿ ಬೇರೆ ಕಡೆ ಮನೆ ಗೊತ್ತು ಮಾಡಿಕೊಂಡ ಸುದ್ದಿ ಬಂತು. ಅವರನ್ನು ಏನೆಂದು ದೂರಲಿ? ಲೋನಿನ ಪೇಪರ್ ನನ್ನ ಪಂಚಾಂಗಕ್ಕೆ ಕಾಯುವುದಿಲ್ಲ.

ಹದಿನೈದರಂದು ಬೀದಿಯಲ್ಲಿ ಶಾಲೆಯ ಮಕ್ಕಳು ಬಾವುಟ ಹಿಡಿದು ಹೋದರು. ಶಿವು ಗೇಟಿನಲ್ಲಿ ನಿಂತು ಎಲ್ಲರಿಗೂ ಸಲಾಮು ಹೊಡೆದ. ನಾನು ಒಳಗೆ ಫೋನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸೆಲ್ವಿ ಅಕ್ಕನಿಗೆ ಫೋನ್ ಮಾಡಿ ಎರಡು ದಿನ ಕೊಡಿ ಅಂತ ಕೇಳಬೇಕು. ಕೇಳಿದರೆ ಇಲ್ಲ ಅಂದುಬಿಟ್ಟರೆ? ಕೇಳದೆ ಇದ್ದರೆ ಇಲ್ಲ ಅನ್ನಲು ಅವರಿಗೆ ಅವಕಾಶವೇ ಇರುವುದಿಲ್ಲವಲ್ಲ. ಎರಡೇ ದಿನದ ಮಾತು, ಮಧ್ಯೆ ಒಂದು ಅಮಾವಾಸ್ಯೆ ಅಷ್ಟೆ, ದುಡ್ಡು ಹಿಡಿದುಕೊಂಡೇ ಮಾತಾಡೋಣ. ಹೀಗೆ ನನಗೆ ನಾನೇ ಹೇಳಿಕೊಂಡು ಫೋನನ್ನು ದಿಂಬಿನ ಕೆಳಗಿಟ್ಟೆ.

ನಿಜ ಶ್ರಾವಣದ ಮೊದಲ ಬೆಳಿಗ್ಗೆ ಮುನಿರತ್ನಂ ಹೇಳಿದ್ದ ಹಾಗೇ ಆಯಿತು. ಕಟ್ಟೆ ಒಡೆದ ಹಾಗೆ ಜನ. ಒಂಬತ್ತು ಗಂಟೆಯೊಳಗೆ ಮೂರು ಪಾರ್ಟಿ. ಚನ್ನಪಟ್ಟಣದ ಕಡೆಯಿಂದ ಬಂದು ಲಾರಿ ಕಾರ್ಖಾನೆಯಲ್ಲಿದ್ದ ಶ್ರೀನಿವಾಸ್ ಎನ್ನುವವರು ವೀಳ್ಯದೆಲೆಯ ಮೇಲೆ ಅಡ್ವಾನ್ಸ್ ಇಟ್ಟು, ನನ್ನ ಕಾಲಿಗೂ ನಮಸ್ಕಾರ ಮಾಡಿದರು. ಒಳ್ಳೆಯ ಹೊತ್ತು, ಒಳ್ಳೆಯ ತಿಥಿ. ಎಲೆ ಅಡಿಕೆ ತೆಗೆದುಕೊಳ್ಳುವಾಗ ನನ್ನ ಕೈ ನಡುಗಲಿಲ್ಲ ಎಂಬುದೂ ನೆನಪಿದೆ.

ಅವರು ಹೋದ ಮೇಲೆ ಸೆಲ್ವಿ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಮನೆ ಆಯ್ತು! ನಾಳೆನೇ ದುಡ್ಡು ತರ್ತೀನಿ!"

ಸೆಲ್ವಿ ಅಕ್ಕ ಮೆಲ್ಲಗೆ ಮಾತಾಡಿದರು.

"ಟೀಚರ್... ನಿನ್ನೆ ಸಾಯಂಕಾಲ ತನಕ ನೋಡಿದೆ. ರಾಯಕೋಟೆ ಅಮ್ಮ ಒಬ್ಬರು, ಅವರಿಗೆ ಕ್ಯಾನ್ಸರ್. ಮಗನ್ನ ಕೈ ಹಿಡ್ಕೊಂಡು ಬಂದು ಗೇಟ್ ಹತ್ತಿರಾನೇ ಕೂತ್ಬಿಟ್ರು. ನಾನೇನ್ ಮಾಡಲಿ? ನೀವು ಮನಸ್ಸು ಬದಲಾಯಿಸಿದ್ರೇನೋ ಅಂದ್ಕೊಂಡೆ." ಆಮೇಲೆ ಇನ್ನೂ ಮೆಲ್ಲಗೆ, "ಒಂದು ಫೋನ್ ಮಾಡಿದ್ರೆ ಸಾಕಾಗಿತ್ತು ಟೀಚರ್. ಎರಡು ದಿನ ನಾನು ಇಡ್ತಿದ್ದೆ."

ಅಡ್ವಾನ್ಸ್ ವಾಪಸ್ ಕೊಡಬಹುದಿತ್ತು. ಆದರೆ ಮುಂದೆ ಜಾಗ ಬಂದಾಗ ಮತ್ತೆ ಆಷಾಢವಿದ್ದರೆ? ದುಡ್ಡು ಕೈಯಲ್ಲಿರಲಿ ಎಂದು ಮನೆ ಬಿಟ್ಟುಕೊಟ್ಟೆ. ಶ್ರಾವಣ ಮುಗಿಯುವುದರೊಳಗೆ ರಿಜಿಸ್ಟ್ರೇಷನ್ ಆಯಿತು. ಎರಡು ಬೀದಿ ಆಚೆ ಒಂದು ಕೋಣೆಯ ಬಾಡಿಗೆ ಮನೆಗೆ ಬಂದೆವು. ದುಡ್ಡು ಬ್ಯಾಂಕಿನಲ್ಲಿದೆ. ಅದಾದ ಮೇಲೆ ಎರಡು ಆಡಿ ಕಳೆದವು, ಸೆಲ್ವಿ ಅಕ್ಕನಿಂದ ಫೋನಿಲ್ಲ. ಹದಿನಾಲ್ಕು ಮಂದಿಯೂ ಚೆನ್ನಾಗಿದ್ದಾರಂತೆ. ಚೆನ್ನಾಗಿರಲಿ ಎಂದು ನಾನು ಮನಸಾರೆ ಹೇಳಲಾರೆ. ಇಷ್ಟು ವರ್ಷ ಮಕ್ಕಳಿಗೆ ಒಳ್ಳೆಯ ಮಾತು ಕಲಿಸಿದವಳು ಈಗ ಯಾರದೋ ಮಗುವಿನ ಸಾವಿಗೆ ಕಾಯುತ್ತಾ ಕೂತಿದ್ದೇನೆ.

ಹೊಸ ಮನೆಯಲ್ಲಿ ಮೋಟರ್ ಇಲ್ಲ. ಬಂದ ಮಾರನೆಯ ಬೆಳಿಗ್ಗೆಯೇ ಶಿವು ಕಾಣೆಯಾದ. ಹುಡುಕುವ ಕಷ್ಟವಿರಲಿಲ್ಲ, ಹಳೆಯ ಮನೆಯ ಗೇಟಿನಲ್ಲಿದ್ದ. ಶ್ರೀನಿವಾಸ್ ಒಳ್ಳೆಯವರು. ನಾಲ್ಕು ತಿಂಗಳು ಅವನನ್ನು ಒಳಗೆ ಕರೆದು ಸ್ವಿಚ್ ಹಾಕಲು ಬಿಟ್ಟರು. ಆಮೇಲೆ ಮನೆಗೆ ಬಣ್ಣ ಹೊಡೆಸುವಾಗ, ಟ್ಯಾಂಕು ತುಂಬಿದ ಕೂಡಲೇ ತಾನಾಗಿ ಆರಿಕೊಳ್ಳುವ ಒಂದು ಯಂತ್ರ ಹಾಕಿಸಿದರು. ಎಲ್ಲರೂ ಹಾಕಿಸುತ್ತಾರೆ, ತಪ್ಪೇನಿಲ್ಲ. ಈಗ ಆ ಟ್ಯಾಂಕಿನಿಂದ ನೀರು ಚೆಲ್ಲುವುದೇ ಇಲ್ಲ.

ಮೊನ್ನೆಯೂ ಅವನು ಗೇಟಿನ ಕಂಬಿ ಹಿಡಿದು, ಕತ್ತೆತ್ತಿ ನಿಂತಿದ್ದ. ಬೆಳಿಗ್ಗೆ ಆರಕ್ಕೆ ಬಂದವನು. ನಾನು ಹೋಗುವಾಗ ಒಂಬತ್ತು ದಾಟಿತ್ತು. ಕುಡಿಯದ ಕೂಳಿನ ಲೋಟವನ್ನು ಅವನ ಕೈಗೆ ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಮತ್ತೆ ಕತ್ತೆತ್ತಿದ.

"ಬಾರೋ ಮಗಾ, ಮನೆಗೆ ಹೋಗಣ," ಅಂದೆ.

"ತಾಳಮ್ಮ. ಇನ್ನೂ ತುಂಬಿಲ್ಲ."

ದಿನವೂ ಇದೇ. ಕೈ ಹಿಡಿದು ಎಳೆದೇ ಕರೆತರಬೇಕು. ಮೊನ್ನೆ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅವನ ಕೈ ಹಿಡಿಯಲಾಗಲಿಲ್ಲ. ಅವನ ಪಕ್ಕದಲ್ಲೇ ನಾನೂ ಗೇಟಿನ ಕಂಬಿ ಹಿಡಿದು, ಚೆಲ್ಲದ ಆ ಟ್ಯಾಂಕನ್ನು ನೋಡುತ್ತಾ ನಿಂತೆ.